ಚಕಮಕಿ ಕಲ್ಲು ಹಂಚಿದ ದಿನ

ಪ್ಲಿಮತ್ ಬಂದರಿನ ಸೈಲಸ್ ಪೆಂಗೆಲಿ ಹಡಗಿನ ಸಿಪಾಯಿ. ಹನ್ನೊಂದು ವರ್ಷ ಸಮುದ್ರದ ಮೇಲಿದ್ದರೂ ಒಂದು ದಿನವೂ ಹಾಯಿಕಂಬ ಹತ್ತಿದವನಲ್ಲ. ಸಿಪಾಯಿಯನ್ನು ಕಂಬ ಹತ್ತೆಂದು ಯಾರೂ ಬಲವಂತ ಮಾಡಕೂಡದೆಂದು ನೌಕಾಪಡೆಯ ಕಟ್ಟಳೆಯೇ ಇತ್ತು. ಅವನ ಕೆಲಸ ಕಪ್ತಾನನ ಬಾಗಿಲು ಕಾಯುವುದು, ಚಾಟಿಯೇಟಿನ ಹೊತ್ತಿಗೆ ಬಂದೂಕು ಹಿಡಿದು ನಿಲ್ಲುವುದು, ಆಮೇಲೆ ಅಧಿಕಾರಿಗಳಿಗೂ ಖಲಾಸಿಗಳಿಗೂ ನಡುವೆ ತೂಗುಹಾಸಿಗೆ ಕಟ್ಟಿ ಮಲಗುವುದು. ಗೋಡೆ ಕಟ್ಟುವ ಜಾಗದಲ್ಲಿ ಮನುಷ್ಯರನ್ನು ಮಲಗಿಸಿದ ಈ ಬುದ್ಧಿ ಯಾವ ಪುಣ್ಯಾತ್ಮನದೋ!

ಸಿಪಾಯಿಗಳನ್ನು ಕಂಡರೆ ಖಲಾಸಿಗಳು ಉರಿದುಬೀಳುತ್ತಿದ್ದರು. ಜೇಗೋ ಒಬ್ಬ ಮಾತ್ರ ಬಂದು ಪಕ್ಕದಲ್ಲಿ ಕೂರುತ್ತಿದ್ದ. ಅವನು ಸೈಲಸ್‌ನ ಹೆಂಡತಿ ಲವ್‌ಡೇಯ ಒಬ್ಬನೇ ತಮ್ಮ, ಮುಂಗಂಬದ, ಎಂದರೆ ಮುಂದಿನ ಹಾಯಿಕಂಬದ, ಖಲಾಸಿ. “ನನ್ನ ತಮ್ಮನ್ನ ಜೋಪಾನವಾಗಿ ಕರ್ಕೊಂಡು ಬನ್ನಿ” ಎಂದು ಲವ್‌ಡೇ ದಕ್ಕೆಯ ಮೇಲೆ ಗಂಡನ ಕೈ ಹಿಡಿದು ಅತ್ತಿದ್ದಳು.

“ಏನ್ ಭಾವ, ನೀವು ಕೆಂಪಂಗಿಯೋರು ಬರೀ ನೇರ ನೋಡ್ತೀರಲ್ಲ, ಕತ್ತು ಹಿಡ್ಕೊಂಡಿದೆಯಾ?” ಎಂದು ಜೇಗೋ ರೇಗಿಸುತ್ತಿದ್ದ. “ಹಡಗಿನ ಅರ್ಧ ಜೀವ ಮೇಲಿರುತ್ತೆ ಮಾರಾಯ.”

“ಮೇಲೆ ನೋಡೋಕೆ ನೀನಿದ್ದೀಯಲ್ಲೋ, ಕೋತಿ.”

ಆ ವಸಂತದಲ್ಲಿ ಬೇರೆ ಹಡಗುಗಳಿಂದ ದಂಗೆಯ ಸುದ್ದಿ ಬರತೊಡಗಿತು. ಖಲಾಸಿಗಳು ಗುಂಪುಗುಂಪಾಗಿ ಪಿಸುಗುಡುವರು. ಕೆಂಪಂಗಿ ಕಂಡರೆ ಬಾಯಿಗೆ ಬೀಗ. ಒಂದು ಮಧ್ಯಾಹ್ನ ಸಿಪಾಯಿಗಳ ಹಾಸಿಗೆಗಳನ್ನು ಅಧಿಕಾರಿಗಳ ಕೋಣೆಗೆ ಇನ್ನೂ ಹತ್ತಿರ ಕಟ್ಟಿಸಿದರು. ಮರುದಿನ ಬೆಳಿಗ್ಗೆ ಸಾರ್ಜೆಂಟ್ ಬಂದು, ಕವಾಯತಿಗೆಂದು ಬಂದೂಕಿಗೆ ಸಿಕ್ಕಿಸಿದ್ದ ಮರದ ತುಂಡುಗಳನ್ನು ತೆಗೆಸಿ ಮದ್ದಿಗೆ ಕಿಡಿ ಹೊತ್ತಿಸುವ ನಿಜವಾದ ಚಕಮಕಿ ಕಲ್ಲು ಹಂಚಿದ. ಇಂದು ನಿಜವಾಗಿಯೇ ಗುಂಡು ಹಾರಿಸಬೇಕಾದೀತೆಂದು ಸೈಲಸ್‌ಗೆ ತಿಳಿಯಿತು.

ನೀರಿನ ಪೀಪಾಯಿಯ ಬಳಿ ಜೇಗೋನ ತೋಳು ಹಿಡಿದು ಅಂಗಲಾಚಿದ. “ಅವರ ಜೊತೆ ಸೇರ್ಬೇಡ ಕಣೋ. ನಿಮ್ಮಕ್ಕನ ಆಣೆ.”

ಜೇಗೋ ಈ ಸಲ ನಗಲಿಲ್ಲ. “ನೋಡೋಣ ಭಾವ” ಎಂದಷ್ಟೇ ಹೇಳಿ ಹೋದ.

ಹತ್ತು ಗಂಟೆಗೆ ಲಂಗರು ಎತ್ತಿರೆಂದರೆ ಖಲಾಸಿಗಳು ಕದಲಲಿಲ್ಲ. ಹಡಗಿನ ಮುಂಭಾಗದಲ್ಲಿ ಒತ್ತೊತ್ತಾಗಿ ನಿಂತರು. ಎದುರಿಗೆ ಸಿಪಾಯಿಗಳ ಸಾಲು. ಸೈಲಸ್ ಒಂದೊಂದೇ ಮುಖ ಹುಡುಕಿದ, ಜೇಗೋ ಕಾಣಲಿಲ್ಲ. ಹಿಂದೆಲ್ಲೋ ಅಡಗಿದ್ದಾನೆ, ಹಾರಿಸಿದ ಗುಂಡು ಯಾರಿಗೆ ತಗಲೀತೋ ದೇವರೇ! ಹೊಡೆಯದಿದ್ದರೆ ತನಗೆ ನೇಣು, ಹೊಡೆದರೆ ಹೆಂಡತಿಗೆ ಹೇಗೆ ಮುಖ ತೋರಿಸುವುದು? ಅತ್ತ ದರಿ, ಇತ್ತ ಪುಲಿ. “ಹಾರಿಸಿ!” ಎಂದಾಗ ಅವನು ನಳಿಗೆಯನ್ನು ಜನರ ತಲೆಗಿಂತ ಎಷ್ಟೋ ಮೇಲಕ್ಕೆತ್ತಿ, ಕಣ್ಣು ಮುಚ್ಚಿ ಕುದುರೆ ಎಳೆದ.

ಹೊಗೆಯೊಳಗೆ ಏನೋ ದೊಪ್ಪನೆ ಹಲಗೆಯ ಮೇಲೆ ಬಿತ್ತು.

ಜೇಗೋ ಭಾವನ ಮಾತು ಕೇಳಿದ್ದ. ಗುಂಪಿಗೆ ಸೇರದೆ, ಹಾಯಿ ಬಿಚ್ಚಲು ಒಬ್ಬನೇ ಮುಂಗಂಬ ಹತ್ತಿದ್ದ.

“ಮೇಲಕ್ಕೆ ಹೊಡೆದವನು ನೀನೊಬ್ಬನೇ, ಪೆಂಗೆಲಿ” ಎಂದು ಸಾರ್ಜೆಂಟ್ ಮೆಲ್ಲಗೆ ಹೇಳಿದ. ಮತ್ತೆ ಯಾರೂ ಆ ಮಾತೆತ್ತಲಿಲ್ಲ.

ಆಷಾಢದ ಹೊತ್ತಿಗೆ ಊರು ಸೇರಿದಾಗ, ತಮ್ಮ ಸತ್ತ ಸುದ್ದಿ ಮೊದಲೇ ತಿಳಿದಿದ್ದ ಲವ್‌ಡೇ ಕೇಳಿದ್ದು ಒಂದೇ. “ದಂಗೆ ಎದ್ದೋರ ಜೊತೆ ಇದ್ನಾ?”

“ಇಲ್ಲ ಕಣೆ. ಬೇಡ ಅಂದಿದ್ದೆ. ಸೇರ್ಲಿಲ್ಲ.”

“ನಿಮ್ಮ ಮಾತಾದ್ರೂ ಕೇಳಿದ್ನಲ್ಲ, ನನ್ನಪ್ಪ” ಎಂದು ಅವಳು ಬಿಕ್ಕುತ್ತಾ ಗಂಡನ ಬಲಗೈಯನ್ನು ಕಣ್ಣಿಗೊತ್ತಿಕೊಂಡಳು. ಸೈಲಸ್ ಕೈ ಎಳೆದುಕೊಳ್ಳಲಿಲ್ಲ.