ಅತ್ಯಾ ಬರೆದಿಟ್ಟ ಸೂರ್ಯ

ಮೊನ್ನೆ ಹಿಮಾಯತ್‌ನಗರದ ಅಂಗಡಿಯೊಂದರಲ್ಲಿ ಪೆನ್ಸಿಲ್ ಕೊಳ್ಳುತ್ತಿದ್ದೆ. ಅಂಗಡಿಯವನು ಒಂದನ್ನು ಕೆತ್ತಿ ತೋರಿಸಿದ. ಆ ಮರದ ಸಿಪ್ಪೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ಮಲ್ಕಾಜ್‌ಗಿರಿಯ ಅತ್ಯಾ ಎದುರಿಗೆ ಬಂದು ನಿಂತಂತಾಯಿತು. ಅತ್ಯಾ ಎಂದರೆ ನಮ್ಮ ಅಪ್ಪನ ತಂಗಿ. ಎಷ್ಟೋ ವರ್ಷ ಅವಳ ಕೈಗೆ ಅಂಟಿಕೊಂಡಿದ್ದ ವಾಸನೆ ಅದು.

ಅವಳು ಇಲ್ಲಿಯ ವೀಕ್ಷಣಾಲಯವೊಂದರಲ್ಲಿ ಸೂರ್ಯನನ್ನು ಅಭ್ಯಾಸ ಮಾಡುತ್ತಿದ್ದ ವಿಜ್ಞಾನಿ. ವಿಜ್ಞಾನಿ ಎಂದರೆ ನಿಮ್ಮ ಕಣ್ಣ ಮುಂದೆ ಏನು ಬರುತ್ತದೋ ಕಾಣೆ, ಅವಳ ಕೆಲಸ ಮಾತ್ರ ಹೀಗಿತ್ತು: ದಿನಾ ಬೆಳಿಗ್ಗೆ ದೂರದರ್ಶಕದಿಂದ ಸೂರ್ಯನ ಬಿಂಬವನ್ನು ಹಾಳೆಯ ಮೇಲೆ ಬೀಳಿಸಿ, ಅದರಲ್ಲಿ ಕಂಡ ಕಪ್ಪು ಕಲೆಗಳನ್ನು ಪೆನ್ಸಿಲಿನಿಂದ ಗುರುತು ಹಾಕಿ, ಎಣಿಸಿ ಬರೆದಿಡುವುದು. ಕಲೆ ಹೆಚ್ಚಾದರೆ ಸೂರ್ಯ ಕೆರಳಿದ್ದಾನೆಂದು ಅರ್ಥ. ಕಾಲೇಜಿನ ಜಂಬದಲ್ಲಿ ನಾನು, "ಅತ್ಯಾ, ಸೂರ್ಯಂದೂ ಹಾಜರಿ ತಗೋತೀಯೇನು?" ಎಂದು ಚೇಷ್ಟೆ ಮಾಡುತ್ತಿದ್ದೆ.

"ಹ್ಞೂಂ, ಅಂವ ದಿನಾ ಬರ್ತಾನ. ನಿನ್ನಂಗಲ್ಲ," ಎನ್ನುತ್ತಿದ್ದಳು.

ನಿವೃತ್ತಳಾದಾಗ ಅವಳ ಹೆಸರಿನಲ್ಲಿ ದೊಡ್ಡ ಸಂಶೋಧನಾ ಲೇಖನವೇನೂ ಇರಲಿಲ್ಲ. ಶಾಲು ಹೊದಿಸಿದರು, ಮುಗಿಯಿತು. ಇಷ್ಟೇ ಏನು ಒಂದು ಆಯುಷ್ಯದ ದುಡಿಮೆ ಎಂದು ನನಗೆ ಒಳಗೊಳಗೇ ಕನಿಕರ.

ಹೋದ ವರ್ಷ ಅವಳಿಗೆ ಒಂದು ಇಮೇಲ್ ಬಂತು. ಅವಳ ಹಾಳೆಗಳ ಅಂಕಿಗಳನ್ನೆಲ್ಲ ಯಾರೋ ಕಂಪ್ಯೂಟರಿಗೆ ಏರಿಸಿದ್ದರಂತೆ. ಬೇರೆ ಬೇರೆ ದೇಶದ ಸಂಶೋಧಕರು ಅವನ್ನೇ ಇಟ್ಟುಕೊಂಡು ಸೂರ್ಯನ ಏರಿಳಿತ ಅಳೆಯುತ್ತಿದ್ದಾರಂತೆ. ಜೋರಾಗಿ ಓದಿ ಹೇಳುತ್ತಿದ್ದ ನಾನು ಹಿಗ್ಗಿದೆ. ಮುಂದಿನ ಸಾಲಿಗೆ ಅವಳ ಮುಖ ಸಪ್ಪಗಾಯಿತು. ಒಂದು ಬೇಸಿಗೆಯ ಮೂರು ತಿಂಗಳು ಅವಳ ಎಣಿಕೆ ಉಳಿದ ವೀಕ್ಷಣಾಲಯಗಳ ಎಣಿಕೆಗಿಂತ ಕಡಿಮೆ ಇದೆ, ಕಾರಣ ತಿಳಿಯದಿದ್ದರೆ ಎಲ್ಲ ವರ್ಷಗಳ ಅಂಕಿಗಳನ್ನೂ ಬದಿಗಿಡಬೇಕಾದೀತು ಎಂದಿತ್ತು.

"ಆಗ ನನಗ ಮೋತಿಬಿಂದು ಬಂದಿತ್ತು," ಎಂದಳು. ಕಣ್ಣಿನ ಪೊರೆ. "ಆಪರೇಷನ್ ಆಗೂತನಕ ಎಲ್ಲಾ ಮಂಜು ಮಂಜು. ಆಫೀಸಿನ್ಯಾಗ ಹೇಳಲಿಲ್ಲ. ಹೇಳಿದ್ರ ದುರ್ಬೀನು ಬಿಡಿಸಿ ಕೈಯಾಗ ಫೈಲು ಕೊಡತಿದ್ರು." ಆ ಸಾಲನ್ನು ಇನ್ನೊಮ್ಮೆ ಓದಿಸಿಕೊಂಡು, "ಹಾಳಿ ಮ್ಯಾಲರ ಬರದೀನೋ ಇಲ್ಲೋ, ನೆನಪಾಗವಲ್ದು. ನನ್ನ ತಪ್ಪು ಎಣಿಕಿ ನಂಬಿ ಎಷ್ಟು ಮಂದಿ ಕೆಟ್ಟರೋ," ಎಂದಳು.

ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮೂರನೆಯ ದಿನ ನಾನು ಮಾದಾಪುರದ ನನ್ನ ಆಫೀಸಿಗೆ ರಜೆ ಹಾಕಿ ಅವಳನ್ನು ವೀಕ್ಷಣಾಲಯಕ್ಕೆ ಕರೆದುಕೊಂಡು ಹೋದೆ. ಹಳೆಯ ಕಾಗದಪತ್ರ ನೋಡಿಕೊಳ್ಳುವ ನರಸಿಂಹುಲು ಆ ಬೇಸಿಗೆಯ ಕಟ್ಟು ಬಿಚ್ಚಿ, ಮೊದಲ ಹಾಳೆಯ ಅಂಚಿನ ಸಣ್ಣ ಬರಹವನ್ನು ಕಿಟಕಿಯ ಬೆಳಕಿಗೆ ಹಿಡಿದ. ತೆಲುಗು ಬಲ್ಲವರಿಗೆ ನಮ್ಮ ಅಕ್ಷರ ಅಷ್ಟಿಷ್ಟು ಗುರುತು ಸಿಗುತ್ತದೆ, ನಿಮಗೆ ಗೊತ್ತೇ ಇದೆ. ಅರ್ಥವಾಗದೆಯೇ ಕೂಡಿಸಿ ಕೂಡಿಸಿ ಓದಿದ: "ಇವತ್ತೂ... ಕಣ್ಣು... ಮಂಜು. ಸಣ್ಣ ಕಲೆ... ತಪ್ಪಿರಬಹುದು."

ಅತ್ಯಾ ಕುರ್ಚಿ ಹುಡುಕಿ ಕೂತುಬಿಟ್ಟಳು. ಮುಂದಿನ ಹಾಳೆ, ಅದರ ಮುಂದಿನದು, ಎಲ್ಲದರಲ್ಲೂ ಅದೇ ಮಾತು. ಆಪರೇಷನ್ ನಂತರದ ಹಾಳೆಯಲ್ಲಿ "ಕಣ್ಣು ಚೊಕ್ಕ" ಎಂದಿತ್ತು. ದಿಲ್ಲಿ ಕಡೆಯಿಂದ ಬಂದಿದ್ದ ಮೇಲಧಿಕಾರಿಗೆ ತಿಳಿಯದಿರಲೆಂದು ಕನ್ನಡದಲ್ಲಿ ಬರೆದಿದ್ದಳು. ಕಂಪ್ಯೂಟರಿಗೆ ಏರಿಸಿದವರಿಗೂ ಅದು ತಿಳಿಯದೆ ಬಿಟ್ಟುಹೋಗಿತ್ತು.

"ಆಫೀಸಿಗೆ ಮುಚ್ಚಿಟ್ಟೆ, ಹಾಳಿಗೆ ಮುಚ್ಚಿಡಲಿಲ್ಲ," ಎಂದು ಸೆರಗಿನಿಂದ ಮುಖ ಒರೆಸಿಕೊಂಡಳು. ಹೊರಗೆ ಬಂದವಳೇ ಹೋಟೆಲಿನಲ್ಲಿ ಎರಡು ದೋಸೆ ತಿಂದಳು.

ಅಂಚಿನ ಟಿಪ್ಪಣಿಗಳ ವಿಷಯವನ್ನು ಸಂಶೋಧಕರಿಗೆ ಬರೆದು ಕಳಿಸಿದೆವು. ಅವರ ಉತ್ತರ ಬೇಗನೇ ಬಂತು. ಆ ಮೂರು ತಿಂಗಳನ್ನು ಸರಿಪಡಿಸಿಕೊಳ್ಳುತ್ತೇವೆ, ಉಳಿದ ವರ್ಷಗಳ ಮೇಲೆ ಈಗ ನಂಬಿಕೆ ಹೆಚ್ಚಾಗಿದೆ, ಇಂಥ ಟಿಪ್ಪಣಿಗಳೆಲ್ಲ ಇಂಗ್ಲಿಷಿನಲ್ಲಿ ಬೇಕು ಎಂದಿದ್ದರು. ಅಂದಿನಿಂದ ಶನಿವಾರವೆಂದರೆ ನಾವಿಬ್ಬರೂ ವೀಕ್ಷಣಾಲಯದ ಹಳೆಯ ಕಾಗದಪತ್ರಗಳ ಕೋಣೆಯಲ್ಲೇ. ಅವಳು ಓದುತ್ತಾಳೆ, ನಾನು ಬರೆಯುತ್ತೇನೆ.

ಈ ಶನಿವಾರ ಸಿಕ್ಕ ಹಾಳೆಯೊಂದರಲ್ಲಿ ಸೂರ್ಯನ ನಡುಮಧ್ಯೆ ಒಂದು ಗೆರೆ ಅಡ್ಡಾದಿಡ್ಡಿ ಓಡಿತ್ತು. ಅಂಚಿನಲ್ಲಿ ಹೀಗಿತ್ತು: "ಅಣ್ಣನ ಮಗಳು ಮೇಜು ಅಲುಗಿಸಿದಳು. ಈ ಗೆರೆ ಸೂರ್ಯನದಲ್ಲ."

"ಇದನ್ನ ಬಿಟ್ಟುಬಿಡಲೇನು ಅತ್ಯಾ?" ಎಂದೆ.

"ಬ್ಯಾಡ, ಬರಿ. ಅವರಿಗೆ ಗೊತ್ತಾಗಬೇಕಲ್ಲ."

ಬರೆದೆ. ಸೂರ್ಯನ ಅಭ್ಯಾಸಕ್ಕೆ ನಾನು ಕೊಟ್ಟದ್ದೆಂದರೆ ಅದೊಂದು ಗೆರೆ. ಅದೂ ಲೆಕ್ಕಕ್ಕೆ ಹಿಡಿಯಬಾರದ್ದು.