ದೇಜಪ್ಪ ಬರೆಯದ ಚೀಟಿ

"ಇಂವ ಕಳ್ಳ ಅದಾನ್ರಿ! ಡೀಸೆಲ್ ಮಾರಿ ಸೀಮೆಎಣ್ಣಿ ಹಾಕ್ಯಾನ. ಅದಕ್ಕಽ ಡೀಸೆಲ್ ಪಂಪ್ ಸುಟ್ಟೇತಿ ಅಂತ ಒಂದು ಚೀಟಿ ಬರದ ಕೊಡ್ರಿ, ಮುಂದಿಂದು ನಾ ನೋಡ್ಕೋತೀನಿ."

"ಬಾನೆಟ್ ಎತ್ತದೆ ಎಂತ ಬರೆಯುವುದು ಶಿವರಾಯರೇ? ನಿಮ್ಮ ತಲೆಯಾ?"

ಬೆಳಗಿನ ಐದೂಮುಕ್ಕಾಲು. ಮಹಾಪೆಯ ಕಾರ್ಖಾನೆಗಳ ಸಾಲಿನ ಸರ್ವಿಸ್ ರಸ್ತೆಯಲ್ಲಿ ಇನ್ನೂ ಕತ್ತಲೆ. ನೆರೂಳದ ಹೋಟೆಲುಗಳಿಗೆ ತರಕಾರಿ ಹೊತ್ತ ಹನ್ನೊಂದು ವರ್ಷದ ಡೀಸೆಲ್ ಪಿಕಪ್ ನಡುದಾರಿಯಲ್ಲಿ ಕೆಟ್ಟು ನಿಂತಿದೆ. ಕೂಗುತ್ತಿರುವವರು ಮಾಲೀಕ ಶಿವರಾಯ, ವಿಜಾಪುರದ ಕಡೆಯವರು. ತಲೆ ತಗ್ಗಿಸಿ ನಿಂತವನು ನಾಲ್ಕು ವರ್ಷದಿಂದ ಅದನ್ನು ಓಡಿಸುತ್ತಿರುವ ವಾಸು. ಚೀಟಿ ಸಿಕ್ಕರೆ ಅವನ ಕೆಲಸ ಹೋಗುತ್ತದೆ. ಡೀಸೆಲ್ ಕಳ್ಳನೆಂಬ ಹೆಸರು ಬಿದ್ದರೆ ಈ ಕಡೆ ಯಾರೂ ಅವನ ಕೈಗೆ ಕೀಲಿ ಕೊಡುವುದಿಲ್ಲ.

ಚೀಟಿ ಬರೆಯಲೊಲ್ಲದವರು ದೇಜಪ್ಪ. ಗಾಡಿಗಳ ವಯರಿಂಗ್ ಮಾಡುವವರು, ವಯಸ್ಸು ಐವತ್ತನಾಲ್ಕು. ಡೊಂಬಿವಲಿಯಿಂದ ಮೊದಲ ಲೋಕಲ್ ರೈಲು ಹಿಡಿದು, ಠಾಣೆಯಲ್ಲಿ ಬದಲಿಸಿ, ಘನ್ಸೋಲಿಯಲ್ಲಿ ಇಳಿದು ನಡೆದು ಬರುತ್ತಾರೆ. ಅಂಗಡಿಯೆಂದರೆ ಒಂದು ತಗಡಿನ ಪೆಟ್ಟಿಗೆ, ಮೇಲೊಂದು ತಾಡಪಾಲು. ದಿನಕ್ಕೆ ಎಂಟೊಂಬತ್ತು ಗಾಡಿ. ರಸ್ತೆಬದಿಯ ಅಂಗಡಿ ತೆರವು ಮಾಡುವವರು ಎರಡು ಸಲ ಪೆಟ್ಟಿಗೆ ಎತ್ತಿಕೊಂಡು ಹೋದರು. ಎರಡೂ ಸಲ ಮರುದಿನ ಇವರು ಬರಿಗೈಯಲ್ಲಿ ಅದೇ ಜಾಗದಲ್ಲಿ ಕೂತಿದ್ದರು. "ಪೆಟ್ಟಿಗೆ ಕೊಂಡುಹೋಗಲಿ. ತಲೆ ಕೊಂಡುಹೋಗ್ಲಿಕ್ಕೆ ಆಗ್ತದಾ?"

ಕಾರ್ಕಳದ ಹತ್ತಿರದ ಹಳ್ಳಿಯಲ್ಲಿ ಏಳನೆಯ ತರಗತಿ ಮುಗಿಸಿ ಡೊಂಬಿವಲಿಯ ಹೋಟೆಲಿಗೆ ಟೇಬಲ್ ಒರೆಸಲು ಬಂದವರು. ಬೆಳಗಾದರೆ ಹೋಟೆಲಿನ ಟೆಂಪೋ ತಳ್ಳುವ ಕೆಲಸವೂ ಇವರದೇ. "ತಳ್ಳಿ ತಳ್ಳಿ ಬೆನ್ನು ಹೋಯ್ತು. ಯಾಕೆ ಇದು ಸ್ಟಾರ್ಟ್ ಆಗುವುದಿಲ್ಲ ಅಂತ ಸಿಟ್ಟು ಬಂತು. ಆ ಸಿಟ್ಟಲ್ಲೇ ವಯರು ಕಲಿತೆ."

ಸಿಟ್ಟು ಇನ್ನೂ ಇಳಿದಿಲ್ಲ. "ಎಲ್ಲ ಗಾಡಿಗೂ ಫ್ಯೂಸ್ ಹಾಕ್ತಾರೆ, ತಮ್ಮ ಬಾಯಿಗೆ ಮಾತ್ರ ಇಲ್ಲ" ಎನ್ನುತ್ತಾರೆ ಮಡದಿ ಪ್ರಫುಲ್ಲಾ.

ಬಾನೆಟ್ ಮುಟ್ಟುವ ಮೊದಲು ದೇಜಪ್ಪ ಡ್ರೈವರನನ್ನು ಕೇಳುತ್ತಾರೆ. ದೊಡ್ಡ ಗ್ಯಾರೇಜುಗಳು ಕೇಳುವುದು ಮಾಲೀಕನನ್ನು. ಗಾಡಿಯ ಜೊತೆ ಬದುಕುವವನು ಯಾರು ಎಂಬ ಬುದ್ಧಿ ಅವಕ್ಕಿಲ್ಲ.

"ಯಾವಾಗ ನಿಲ್ಲುವುದು ವಾಸು?"

"ಬೆಳಗ್ಗೆ ಮಾತ್ರ ಅಣ್ಣ. ಬಿಸಿಲು ಬಂದ್ಮೇಲೆ ಏನೂ ಇಲ್ಲ. ಗ್ಯಾರೇಜಿನವರು ಮಧ್ಯಾಹ್ನ ಓಡಿಸಿ ನೋಡಿದ್ರು, ನಿಲ್ಲಲೇ ಇಲ್ಲ. ವಯರು ಸರಿ ಇದೆ, ಹಾಗಾದ್ರೆ ಪಂಪೇ ಅಂದ್ರು."

ದೇಜಪ್ಪ ಎಂಜಿನ್ ಚಾಲೂ ಮಾಡುತ್ತಾರೆ. ಸರಿಯಾಗಿಯೇ ಓಡುತ್ತದೆ. ಹೆಡ್‌ಲೈಟ್ ಹಾಕುತ್ತಾರೆ, ಮಂಕು ಬೆಳಕು. ವೈಪರ್ ಹಾಕಿದ್ದೇ ತಡ, ಎಲ್ಲೋ ಟಕ್ ಎನ್ನುತ್ತದೆ, ಎಂಜಿನ್ ಸತ್ತುಹೋಗುತ್ತದೆ.

"ಸೀಮೆಎಣ್ಣೆಗೆ ಲೈಟ್ ಹಾಕಿದ್ದು ಗೊತ್ತಾಗ್ತದಾ ಶಿವರಾಯರೇ?"



ದೇಜಪ್ಪನ ಯಂತ್ರವೆಂದರೆ ಎರಡು ವಯರು ಬೆಸೆದ ಒಂದು ಪುಟ್ಟ ಬಲ್ಬು. ಕೀಲಿ ತಿರುಗಿಸಿ, ಲೈಟ್ ಹಾಕಿಸಿ, ಒಂದು ವಯರನ್ನು ಬ್ಯಾಟರಿಯ ಮೈನಸ್ಸಿಗೂ ಇನ್ನೊಂದನ್ನು ಕ್ಯಾಬಿನ್ನಿನ ಕಬ್ಬಿಣಕ್ಕೂ ಹಿಡಿಯುತ್ತಾರೆ. ಕಬ್ಬಿಣ ಬ್ಯಾಟರಿಗೆ ಸರಿಯಾಗಿ ಸೇರಿದ್ದರೆ ಬಲ್ಬು ಉರಿಯಬಾರದು. ಕೆಂಪಗೆ ಉರಿಯುತ್ತದೆ. ಲೈಟು, ವೈಪರು, ಡೀಸೆಲ್ ಬಿಡುವ ಕರೆಂಟಿನ ವಾಲ್ವು, ಮೂರರ ಕರೆಂಟೂ ಆ ಕಬ್ಬಿಣದಿಂದಲೇ ಬ್ಯಾಟರಿಗೆ ಮರಳಬೇಕು. ದಾರಿ ಎಲ್ಲೋ ಕಟ್ಟಿದೆ. ವಾಲ್ವಿನ ಕರೆಂಟು ಒಂದೇ ಇದ್ದರೆ ಹೇಗೋ ನುಸುಳುತ್ತದೆ. ಬೆಳಗಿನ ಕತ್ತಲೆಗೆ ಲೈಟೂ ಗಾಜಿನ ಮಂಜಿಗೆ ವೈಪರೂ ಸೇರಿದರೆ ವಾಲ್ವು ಮುಚ್ಚಿಕೊಳ್ಳುತ್ತದೆ, ಡೀಸೆಲ್ ನಿಲ್ಲುತ್ತದೆ.

ಕೆಳಗೆ ತೂರಿಕೊಂಡವರು ಅಲ್ಲಿಂದಲೇ ಕೂಗುತ್ತಾರೆ: "ಖಂಡೇನವಮಿಗೆ ಬಣ್ಣ ಹೊಡೆಸಿದ್ದು ಯಾರು?"

"ನಾನಽ ನಿಂತು ಹೊಡಿಸೀನ್ರಿ," ಶಿವರಾಯರಿಗೆ ಅದೊಂದು ಹೆಮ್ಮೆ. "ಪೂಜಾಕ್ಕ ಕುಂಡ್ರೂ ಗಾಡಿ, ಎಲ್ಲಾ ಬಿಚ್ಚಿ ಬಳೀರಿ, ಎಲ್ಲೂ ಒಂದು ಚೂರು ತುಕ್ಕು ಕಾಣಬಾರದು ಅಂದಿದ್ದೆ."

"ಕಾಣುವುದಿಲ್ಲ. ಬ್ಯಾಟರಿ ಮೈನಸ್ಸಿಂದ ಕಬ್ಬಿಣಕ್ಕೆ ಬರುವ ಅರ್ಥಿಂಗ್ ಪಟ್ಟಿ ಬಿಚ್ಚಿ ಅದರ ಕೆಳಗೂ ಬಳಿದಿದ್ದಾರೆ. ಬಣ್ಣದ ಮೇಲೇ ಬೋಲ್ಟ್ ಬಿಗಿದಿದ್ದಾರೆ. ಕರೆಂಟ್ ಹೋಗ್ಲಿಕ್ಕೆ ದಾರಿ ಎಲ್ಲುಂಟು?"

ಬ್ಲೇಡಿನಿಂದ ಕೆರೆಯುತ್ತಾರೆ. ಬಿಳಿ ಕಬ್ಬಿಣ ಕಂಡ ಮೇಲೆ ಪಟ್ಟಿ ಬಿಗಿಯುತ್ತಾರೆ. ಲೈಟು, ವೈಪರು, ಹಾರ್ನು ಎಲ್ಲ ಒಟ್ಟಿಗೆ ಹಾಕಿದರೂ ಎಂಜಿನ್ ಜಗ್ಗುವುದಿಲ್ಲ.

"ಆತು ಬಿಡ್ರಿ," ಎನ್ನುತ್ತಾರೆ ಶಿವರಾಯ. "ಏ ವಾಸು, ಹತ್ತೋ, ಲೇಟಾತು."

ವಾಸು ಹತ್ತುವುದಿಲ್ಲ.

"ಕಳ್ಳ ಅಂದ್ರಲ್ಲ, ಅದನ್ನೂ ಕೆರೆದು ತೆಗೀರಿ," ಎನ್ನುತ್ತಾರೆ ದೇಜಪ್ಪ.

"ಡ್ರೈವರನ ಮುಂದ ಕೈ ಮುಗೀಲೇನ್ರಿ ನಾ?"

ವಾಸು ಕ್ಯಾಬಿನ್ನಿನಿಂದ ತನ್ನ ಟಿಫಿನ್ ಡಬ್ಬಿ ಎತ್ತಿಕೊಳ್ಳುತ್ತಾನೆ. "ಚಾಲೂ ಇದೆ ಶೇಠ್, ನೀವೇ ಓಡಿಸಿ" ಎಂದಷ್ಟೇ ಹೇಳಿ ಘನ್ಸೋಲಿ ಸ್ಟೇಷನ್ನಿನ ಕಡೆ ನಡೆಯುತ್ತಾನೆ. "ನಾಳೆ ಬರ್ತಾನ ತಗೋರಿ," ಎನ್ನುತ್ತಾರೆ ಶಿವರಾಯ, ಅವನಿಗೂ ಕೇಳುವಂತೆ. ಅವನು ತಿರುಗಿ ನೋಡುವುದಿಲ್ಲ.

ಈಗ ದೀಪಾವಳಿಯೂ ಕಳೆದಿದೆ. ಶಿವರಾಯರ ಗಾಡಿಗೆ ಹೊಸ ಡ್ರೈವರ್ ಬಂದಿದ್ದಾನೆ. ಅದು ಒಂದು ದಿನವೂ ನಿಂತಿಲ್ಲ. ದೇಜಪ್ಪನಿಗೆ ಇರುವ ಆಸೆ ಒಂದೇ.

"ಅವ ಎಲ್ಲಿ ಕೆಲಸ ಕೇಳಿದ್ರೂ ನನ್ನ ಹತ್ರ ಬರಲಿ. ಕಳ್ಳ ಅಲ್ಲ ಅಂತ ಚೀಟಿ ಬರೆದು ಕೊಡ್ತೇನೆ. ಅದನ್ನು ಬರೀಲಿಕ್ಕೆ ನನಗೆ ಏಳನೇ ಕ್ಲಾಸು ಸಾಕು."

ವಾಸು ಇನ್ನೂ ಬಂದಿಲ್ಲ.