ಉಜ್ಜಿ ಬೆಳ್ಳಗಾದ ಕರಿ ಶಾರ್ಕ್

ಚಂಪಾ ಚೆನ್ನಯ ಕುಂದರ್, ಅರವತ್ತೊಂದು ವರ್ಷ. ಮಲ್ಪೆಯ ಮೊಗವೀರರ ಮಗಳು, ಫೋರ್ಟಿನ ಉಡುಪಿ ಹೋಟೆಲೊಂದರಲ್ಲಿ ಅಡುಗೆಯವರಾಗಿದ್ದ ದಿವಂಗತ ಚೆನ್ನಯರ ಹೆಂಡತಿ, ಕಾಂದಿವಲಿಯ ಕಾರ್ಖಾನೆಯಲ್ಲಿ ದುಡಿಯುವ ಪ್ರೀತಮನ ತಾಯಿ. ಚೆಂಬೂರಿನ ಚಾಳಿನಿಂದ ಲೋಕಲ್ ಹಿಡಿದು ಬಂದು, ಕಾಲೇಜೊಂದರ ಕಡಲಜೀವಿಗಳ ಪ್ರಯೋಗಾಲಯವನ್ನು ಗುಡಿಸಿ ಒರೆಸುತ್ತಿದ್ದರು.

ಒಮ್ಮೆ ಸಿಗಡಿಗಾಗಿ ಆಳಕ್ಕೆ ಬಲೆ ಇಳಿಸಿದ ಟ್ರಾಲರೊಂದು ಮೊಳದುದ್ದವೂ ಇಲ್ಲದ ಕರಿ ಶಾರ್ಕೊಂದನ್ನು ತಂದಿತು. ಬಿಸಿಲು ತಲುಪದ ಕಡಲ ಇಳಿಜಾರಿನಲ್ಲಿ ಬದುಕುವ ಜೀವಿ: ಕತ್ತಲಿಗೆಂದೇ ಅರಳಿದ ಹಸಿರು ಕಣ್ಣು, ಮುಳುಗದಂತೆ ಕಾಯುವ ಎಣ್ಣೆ ತುಂಬಿದ ಯಕೃತ್ತು, ಹೊಟ್ಟೆಯಡಿಯ ಚರ್ಮದಲ್ಲಿ ತಾವೇ ಬೆಳಗುವ ಸಣ್ಣ ಚುಕ್ಕೆಗಳು. ಆ ಚುಕ್ಕೆಗಳ ವಿನ್ಯಾಸದಿಂದಲೇ ಅದರ ಜಾತಿಯನ್ನು ಗುರುತಿಸಬೇಕಿತ್ತು. ಸಂಶೋಧಕಿ ಸ್ನೇಹಲ್ ಅದನ್ನು ಫ್ರಿಜ್ಜಿನಲ್ಲಿಡಲು ಚಂಪಾರಿಗೆ ಹೇಳಿ ಊಟಕ್ಕೆ ಹೋದಳು.

ಹೊಟ್ಟೆ ಬಗೆಯದೆ ಇಟ್ಟ ಶಾರ್ಕ್ ನಾರುತ್ತದೆಂದು ಮೊಗವೀರ ಹೆಣ್ಣಿಗೆ ಯಾರೂ ಹೇಳಿಕೊಡಬೇಕಿಲ್ಲ. ಹುಡುಗಿಗೆ ನೆರವಾದೀತೆಂದು ಚಂಪಾ ಹೊಟ್ಟೆ ಸೀಳಿದರು, ಬಿಸಿನೀರು ಹೊಯ್ದರು, ಉಪ್ಪುಕಾಗದದಂಥ ಚರ್ಮವನ್ನು ಅತ್ತೆ ಕಲಿಸಿದಂತೆ ತೆಂಗಿನ ನಾರಿನಿಂದ ಬೆಳ್ಳಗಾಗುವತನಕ ಉಜ್ಜಿದರು. ಒಳಗಿದ್ದ ಮರಿಗಳನ್ನು ಕರುಳಿನೊಂದಿಗೆ ಅಂಗಳದ ಬೆಕ್ಕಿಗೆ ಹಾಕಿದರು.

ಮರಳಿ ಬಂದ ಸ್ನೇಹಲ್ ಬೈಯಲಿಲ್ಲ, ಚುಕ್ಕೆಗಳಳಿದ ಚರ್ಮ ಕಂಡು ಮುಖ ಮಾತ್ರ ಬಾಡಿತು. ಅವಳ ಗುರುಗಳು, ಮಸಾಲೆಯೊಂದೇ ಬಾಕಿ ಚಂಪಾಬಾಯಿ, ಎಂದು ನಕ್ಕರು. ಹೊಟ್ಟೆಯಲ್ಲಿ ಮರಿಗಳಿದ್ದವೇ, ಅದಾದರೂ ತಿಳಿದರೆ ಸಾಕು ಎಂದು ಸ್ನೇಹಲ್ ಕೇಳಿದಳು. ಮರಿಗಳನ್ನು ಬೆಕ್ಕಿಗೆ ಹಾಕಿದ ಎರಡನೆಯ ತಪ್ಪನ್ನೂ ಒಪ್ಪಿಕೊಳ್ಳಲು ಚಂಪಾರಿಗೆ ನಾಲಿಗೆ ಏಳಲಿಲ್ಲ.

“ಇರಲಿಲ್ಲ” ಎಂದರು.

ಉಜ್ಜಿದ್ದು ತಿಳಿಯದೆ ಆದದ್ದು. ಈಗ ಹೇಳಿದ್ದು ಸುಳ್ಳು. ಚಂಪಾ ಆ ಭೇದವನ್ನು ಬಲ್ಲವರಾಗಿದ್ದರು. ಅಂದಿನಿಂದ ಸ್ನೇಹಲಳ ಕಣ್ಣು ತಪ್ಪಿಸಿ ನೆಲ ಒರೆಸಿದರು.

ಕೆಲವು ತಿಂಗಳ ನಂತರ ಹೊರಗಿನ ವಿದ್ವಾಂಸರೆದುರು ಸ್ನೇಹಲ್ ಆ ಶಾರ್ಕಿನ ಬಗ್ಗೆ ಮಾತಾಡಿದಳು. ಹೊಟ್ಟೆ ಬರಿದಾಗಿತ್ತು, ಆದ್ದರಿಂದ ಅದು ಈ ಶಾರ್ಕ್ ಮರಿಹೊರುವ ಕಾಲವಲ್ಲದಿರಬಹುದು ಎಂದಳು. ಚಹಾ ಹಂಚುತ್ತಿದ್ದ ಚಂಪಾ ತಟ್ಟೆಯನ್ನು ಕೆಳಗಿಟ್ಟರು.

“ಮರಿಗಳಿದ್ದವು, ಬೇಟಾ. ನಾನು ಸುಳ್ಳು ಹೇಳಿದೆ.”

“ಎಷ್ಟಿದ್ದವು, ಮೌಶಿ?”

“ಎಣಿಸಲಿಲ್ಲ. ಬೆಕ್ಕಿಗೆ ಹಾಕಿದೆ.”

ಹಾಗಾದರೆ ಬೆಕ್ಕನ್ನೇ ಕರೆಸೋಣ ಎಂದರು ಗುರುಗಳು. ಸಭೆ ನಕ್ಕಿತು. ಆ ನಗು ತನಗಿಂತ ಹೆಚ್ಚು ಸ್ನೇಹಲಳಿಗೆ ತಾಗಿದ್ದನ್ನು ಚಂಪಾ ಕಂಡರು. ಹುಡುಗಿ ಎಲ್ಲರೆದುರೇ ತನ್ನ ಮಾತನ್ನು ಹಿಂತೆಗೆದುಕೊಂಡಳು. ಆಮೇಲೂ ಮೌಶಿ, ಅಂದರೆ ಚಿಕ್ಕಮ್ಮ, ಎಂದೇ ಕರೆದಳು. ಮೀನನ್ನು ಮಾತ್ರ ಅವರ ಕೈಗೆ ಮತ್ತೆ ಕೊಡಲಿಲ್ಲ. ಚಂಪಾ ಕೇಳಲೂ ಇಲ್ಲ.

ಕಳೆದ ಚಳಿಗಾಲದಲ್ಲಿ ತೀರಿಕೊಂಡ ಅವರು ಬಿಟ್ಟುಹೋದದ್ದು: ಮಗ ಪ್ರೀತಮ್, ಚಾಳಿನ ಒಂದು ಕೋಣೆ, ನಾಲ್ಕು ನೂಲಿನ ಸೀರೆ, ಜಾತಿಯ ಹೆಸರಿಲ್ಲದೆ ಜಾಡಿಯಲ್ಲಿ ಉಳಿದ ಒಂದು ಶಾರ್ಕ್, ಸ್ನೇಹಲಳ ಪ್ರಬಂಧದಲ್ಲಿ ‘ಮರಿಗಳಿದ್ದವು, ಸಂಖ್ಯೆ ತಿಳಿಯದು’ ಎಂಬ ಸಾಲು, ತುಕ್ಕು ಹಿಡಿದ ಮೀನುಕತ್ತಿ.